ನವಕೋಟಿಯೂ ಆಯ್ದಕ್ಕಿಯೂ

ಎಣಿಸಿ ತೀರದಷ್ಟು ಹಣ ಕೈಗೆ ಬಂದರೆ ಮನುಷ್ಯನು ಏನು ಮಾಡಿಯಾನು? ಈ ಪ್ರಶ್ನೆಯನ್ನು ಒಮ್ಮೆಯಾದರೂ ತನಗೆ ತಾನೆ ಕೇಳಿಕೊಳ್ಳದವರು ವಿರಳ. ಗುಂಡ್ಲುಪೇಟೆಯ ಸಂತೆಗೆ ಬಂದ ರೈತನೊಬ್ಬನು ಗಡಿಯಾಚೆಯ ಕೇರಳದ ಲಾಟರಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಮರಳುವಾಗ, ಆ ಚೀಟಿಯೊಡನೆ ಒಂದು ಹೊಸ ಮನೆಯನ್ನೂ, ಮಗಳ ಮದುವೆಯನ್ನೂ, ತೀರಿದ ಸಾಲವನ್ನೂ ಕನಸಿನಲ್ಲಿ ಹೊತ್ತು ತರುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕನಸಿನ ಹಣಕ್ಕೆ ಕನಸಿನ ಉತ್ತರವೇ ದೊರೆಯುತ್ತದೆ. ನಿಜವಾದ ಉತ್ತರ ಬೇಕಾದರೆ, ನಿಜವಾಗಿಯೇ ಅಪಾರ ಧನವನ್ನು ಕೈಯಲ್ಲಿ ಹಿಡಿದವರು ಏನು ಮಾಡಿದರೆಂಬುದನ್ನು ಇತಿಹಾಸದಲ್ಲಿ ನೋಡಬೇಕು. ಅದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳೆಂಬ ನಮ್ಮ ನೆರೆಹೊರೆಯ ಎರಡು ಊರುಗಳೇ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡಿವೆ.

ಮೊದಲು ಒಂದು ಸಣ್ಣ ಪ್ರಸಂಗವನ್ನು ನೆನೆಯೋಣ. ಕ್ರಿ.ಶ. 1776ರಲ್ಲಿ ಮೈಸೂರಿನ ಬೆಟ್ಟದ ಚಾಮರಾಜ ಒಡೆಯರು ತೀರಿಕೊಂಡಾಗ ಸಿಂಹಾಸನಕ್ಕೆ ನೇರ ವಾರಸುದಾರರಿರಲಿಲ್ಲ. ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಹೆಸರಿಗೊಬ್ಬ ಅರಸನು ಮಾತ್ರ ಬೇಕಾಗಿದ್ದನು. ರಾಜಬಂಧುಗಳ ಮನೆಗಳ ಎಳೆಯ ಮಕ್ಕಳನ್ನೆಲ್ಲ ಹೈದರನು ಒಂದು ಸಭಾಂಗಣಕ್ಕೆ ಕರೆತರಿಸಿದನು. ಅಲ್ಲಿ ಹಣ್ಣು, ಮಿಠಾಯಿ, ಹೂವು, ಆಟಿಕೆ, ಆಭರಣ, ಪುಸ್ತಕ, ಆಯುಧ, ಹಣದ ಚೀಲಗಳು ಎಲ್ಲವನ್ನೂ ಹರಡಲಾಗಿತ್ತು. ಮಕ್ಕಳು ತಮತಮಗೆ ಬೇಕಾದುದಕ್ಕೆ ಮುಗಿಬಿದ್ದರು. ಒಂದು ಮಗು ಮಾತ್ರ ಹೊಳೆಯುವ ಪುಟ್ಟ ಕಠಾರಿಯೊಂದನ್ನು ಬಲಗೈಯಲ್ಲಿಯೂ, ಅನಂತರ ಒಂದು ನಿಂಬೆಯ ಹಣ್ಣನ್ನು ಎಡಗೈಯಲ್ಲಿಯೂ ಹಿಡಿಯಿತು. ಇವನೇ ಅರಸನೆಂದು ಹೈದರನು ನಿರ್ಣಯಿಸಿದನಂತೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ಇತಿಹಾಸ ಗ್ರಂಥದಲ್ಲಿ ಈ ವೃತ್ತಾಂತವನ್ನು ಬರೆದಿದ್ದಾನೆ. ಆ ಮಗುವು ಅರಿಕುಠಾರವೆಂಬ ಊರಿನಲ್ಲಿ 1774ರಲ್ಲಿ ಹುಟ್ಟಿದುದು. ಅರಿಕುಠಾರವೇ ಇಂದಿನ ಚಾಮರಾಜನಗರ. ಮಗುವೇ ಖಾಸಾ ಚಾಮರಾಜ ಒಡೆಯರು.

ಎರಡು ವರ್ಷದ ಕೂಸಿನ ಮುಂದೆ ಇಡೀ ಲೋಕದ ಸಿರಿಯನ್ನು ಹರಡಿ, ನಿನಗೇನು ಬೇಕೆಂದು ಕೇಳಿದಂತಾಯಿತು! ಹಣದ ಚೀಲವನ್ನು ಮುಟ್ಟದ ಆ ಕೂಸಿಗೆ ಕೊನೆಗೆ ದೊರೆತುದೇನು? ಕಠಾರಿಯನ್ನು ಹಿಡಿದರೂ ಅಧಿಕಾರ ದೊರೆಯಲಿಲ್ಲ. ಅರಸನೆನಿಸಿದರೂ ಭಂಡಾರ ದೊರೆಯಲಿಲ್ಲ. ಅರಮನೆಯ ಬಂದಿಯಂತೆ ಬಾಳಿ 1796ರಲ್ಲಿ ಕಣ್ಮುಚ್ಚಿದರು. ಅವರ ಎಳೆಯ ಮಗನು ಬಡತನದ ಮನೆಯೊಂದರಲ್ಲಿ ಬೆಳೆದನು. ಆ ಮಗನ ವಿಷಯಕ್ಕೆ ಮುಂದೆ ಬರೋಣ. ಅದಕ್ಕೂ ಮೊದಲು, ಈ ಪ್ರಸಂಗಕ್ಕಿಂತ ನೂರು ವರ್ಷ ಹಿಂದಿನ ಇನ್ನೊಬ್ಬ ಬಾಲಕನನ್ನು ಕಾಣಲು ಗುಂಡ್ಲುಪೇಟೆಯ ಕಡೆಗೆ ಹೋಗೋಣ.

ಗುಂಡ್ಲುಪೇಟೆಯಿಂದ ಊಟಿಯ ಹಾದಿಯಲ್ಲಿ ಸಾಗಿದರೆ ಹಂಗಳವೆಂಬ ಗ್ರಾಮ ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಯಾತ್ರಿಕರು ಹಾದಿ ತಿರುಗುವುದು ಇಲ್ಲಿಯೇ. ಬೆಟ್ಟದ ಮಂಜನ್ನು ನೋಡಲು ಧಾವಿಸುವವರಲ್ಲಿ ಎಷ್ಟು ಮಂದಿಗೆ ಈ ಹಂಗಳದ ಕಥೆ ತಿಳಿದಿದೆಯೋ! ದೊಡ್ಡದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ (1659–1673) ರಾಜವಂಶದ ತರುಣ ಚಿಕ್ಕದೇವರಾಜನನ್ನು ರಾಜಧಾನಿಯಿಂದ ದೂರವಿಟ್ಟು, ಈ ಹಂಗಳದಲ್ಲಿ ಕಾವಲಿನಲ್ಲಿ ಇರಿಸಿದ್ದರು. ಜೈನ ವಿದ್ವಾಂಸನಾದ ವಿಶಾಲಾಕ್ಷ ಪಂಡಿತನು ಅಲ್ಲಿ ಆತನ ಒಡನಾಡಿಯಾಗಿದ್ದನು. ಇವನು ಮುಂದೆ ಅರಸನಾದರೆ ನಾನು ಮಂತ್ರಿಯಾಗುವೆನೆಂದು ಪಂಡಿತನು ಆಗಲೇ ಮಾತು ಪಡೆದಿದ್ದನೆಂದು ಹೇಳುತ್ತಾರೆ. ನಾಳೆ ಏನಾಗುವುದೋ ಎಂದು ತಿಳಿಯದ, ತನ್ನದೆಂದು ಹೇಳಿಕೊಳ್ಳಲು ಏನೂ ಇಲ್ಲದ ದಿನಗಳವು. ಆ ಅಭದ್ರತೆಯ ನೆನಪು ಮನುಷ್ಯನ ಅಂತರಂಗದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಬಡತನ ಕಂಡವರೆಲ್ಲರೂ ಬಲ್ಲರು.

1673ರಲ್ಲಿ ಚಕ್ರ ತಿರುಗಿತು. ಹಂಗಳದ ಬಂದಿಯು ಶ್ರೀರಂಗಪಟ್ಟಣದ ಸಿಂಹಾಸನವನ್ನೇರಿದನು. 1704ರವರೆಗೆ, ಮೂವತ್ತೊಂದು ವರ್ಷಗಳ ಕಾಲ, ಚಿಕ್ಕದೇವರಾಜ ಒಡೆಯರು ಆಳಿದರು. ಅವರಿಗೆ ಸಂದ ಬಿರುದುಗಳಲ್ಲಿ ಜನರ ನಾಲಗೆಯ ಮೇಲೆ ಇಂದಿಗೂ ಉಳಿದಿರುವುದು ಒಂದೇ: ನವಕೋಟಿ ನಾರಾಯಣ. ಒಂಬತ್ತು ಕೋಟಿಯ ಒಡೆಯ! ಇದೇ ಮಾತು ಜನರ ಬಾಯಲ್ಲಿ ಪುರಂದರದಾಸರ ಪೂರ್ವಾಶ್ರಮದ ಸಿರಿಗೂ ಸಲ್ಲುತ್ತದೆ. ಅಲ್ಲಿ ಅದು ತೊರೆದು ಬಂದ ಹೊರೆಯ ಹೆಸರು. ಇಲ್ಲಿ ಹೊತ್ತುಕೊಂಡ ಹೊರೆಯ ಹೆಸರು.

ವಿಲ್ಕ್ಸನು ಹೇಳುವಂತೆ, ಪ್ರತಿದಿನವೂ ಎರಡು ಚೀಲ ಹಣವನ್ನು ಭಂಡಾರಕ್ಕೆ ಸೇರಿಸದೆ ತಾವು ಊಟ ಮಾಡಬಾರದೆಂದು ಈ ಅರಸರು ನಿಯಮ ಮಾಡಿಕೊಂಡಿದ್ದರು. ಶಿವಪೂಜೆಯಿಲ್ಲದೆ ಉಣ್ಣದವರನ್ನು ನಾವು ಬಲ್ಲೆವು. ಅತಿಥಿಯಿಲ್ಲದೆ ಉಣ್ಣದವರ ಕಥೆಯನ್ನು ಕೇಳಿದ್ದೇವೆ. ಹಣ ಸೇರಿಸದೆ ಉಣ್ಣದ ವ್ರತವು ಮಾತ್ರ ಅಪೂರ್ವವೇ ಸರಿ! ವಾಚಕರೇ, ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಚೀಲವೊಂದಕ್ಕೆ ಸಾವಿರ ವರಹವೆಂದು ಹಿಡಿದರೆ ದಿನಕ್ಕೆ 2,000 ವರಹ. ವರ್ಷಕ್ಕೆ 7,30,000 ವರಹ. ಒಂದು ದಿನವೂ ತಪ್ಪದೆ 31 ವರ್ಷ ನಡೆದರೆ 2,26,30,000 ವರಹ. ಅಂದರೆ ಎರಡೂಕಾಲು ಕೋಟಿಗೆ ಸ್ವಲ್ಪ ಹೆಚ್ಚು. ಒಂಬತ್ತು ಕೋಟಿ ತುಂಬಬೇಕಾದರೆ ಇದೇ ವೇಗದಲ್ಲಿ 123 ವರ್ಷಗಳು ಬೇಕು! ಹೀಗಾಗಿ ನವಕೋಟಿಯೆಂಬುದು ಲೆಕ್ಕದ ಮಾತಿಗಿಂತ ಹೊಗಳಿಕೆಯ ಮಾತೆಂದು ತಿಳಿಯುವುದೇ ಲೇಸು. ಆದರೆ ಈ ಲೆಕ್ಕವು ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಒಂಬತ್ತು ಕೋಟಿಯನ್ನು ಗುರಿಯಾಗಿಟ್ಟುಕೊಂಡವನಿಗೆ ಒಂದು ಆಯುಷ್ಯವು ಸಾಲದು. ಗುರಿ ಮುಟ್ಟುವ ಮೊದಲೇ ಊಟದ ದಿನಗಳು ಮುಗಿದುಹೋಗುತ್ತವೆ.

ಚಿಕ್ಕದೇವರಾಜರನ್ನು ಕೇವಲ ಜಿಪುಣರೆಂದು ಚಿತ್ರಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ಅವರು ಸಮರ್ಥ ಆಡಳಿತಗಾರರು. ಮೊಗಲ್ ಸೇನಾಧಿಪತಿ ಖಾಸಿಂಖಾನನು 1687ರಲ್ಲಿ ಬೆಂಗಳೂರನ್ನು ವಶಪಡಿಸಿಕೊಂಡಾಗ, ಮೂರು ಲಕ್ಷ ರೂಪಾಯಿ ಕೊಟ್ಟು ಆ ನಗರವನ್ನು ಮೈಸೂರಿಗೆ ಸೇರಿಸಿಕೊಂಡರು. ಇಂದು ಬೆಂಗಳೂರಿನಲ್ಲಿ ಒಂದು ಸಣ್ಣ ನಿವೇಶನಕ್ಕೂ ಸಾಲದ ಮೊತ್ತವದು. ಕಾವೇರಿಯಿಂದ ಅವರು ತೆಗೆಸಿದ ನಾಲೆಯು ಇಂದಿಗೂ ಅವರ ಹೆಸರಿನಿಂದಲೇ ಹರಿಯುತ್ತಿದೆ. ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. 1699ರಲ್ಲಿ ಔರಂಗಜೇಬನ ಬಳಿಗೆ ನಿಯೋಗವನ್ನು ಕಳುಹಿಸಿ, ಅದು ಮರಳಿದ ಮೇಲೆ ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳ ಆಡಳಿತವನ್ನು ರೂಪಿಸಿದರು. ಯಳಂದೂರು ಸೀಮೆಯ ಸಂಚಿಯ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಬರೆದುದು ಇವರ ಅರಮನೆಯ ಆಶ್ರಯದಲ್ಲಿ. ಗುಂಡ್ಲುಪೇಟೆಯನ್ನೂ ಅವರು ಮರೆಯಲಿಲ್ಲ. ವಿಜಯಪುರವೆಂದು ಹೆಸರಾಗಿದ್ದ ಊರಿಗೆ ಪೇಟೆಯನ್ನು ಕಟ್ಟಿಸಿ, ಈ ಸೀಮೆಯಲ್ಲಿಯೇ ಮರಣಹೊಂದಿದ ತಮ್ಮ ತಂದೆಯ ಸ್ಮರಣೆಗಾಗಿ ಪರವಾಸುದೇವ ದೇವಾಲಯವನ್ನೂ ಅಗ್ರಹಾರವನ್ನೂ ನಿರ್ಮಿಸಿದರು. ಹಣ ಕೈಗೆ ಬಂದೊಡನೆ ಹೆತ್ತವನನ್ನು ನೆನೆದ ಮಗನ ಹೃದಯವನ್ನು ನಾವು ಗೌರವಿಸಲೇಬೇಕು.

ಹಾಗಾದರೆ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ದಿನಕ್ಕೆರಡು ಚೀಲಗಳು ತುಂಬುತ್ತಿದ್ದುದು ಎಲ್ಲಿಂದ ಎಂಬಲ್ಲಿ ಹುಟ್ಟುತ್ತದೆ. ಬೆಳೆದ ಫಸಲಿನಲ್ಲಿ ಆರನೆಯ ಒಂದು ಪಾಲು ಅರಸನಿಗೆಂಬುದು ಶಾಸ್ತ್ರದ ಮಾತು. ಚಿಕ್ಕದೇವರಾಜರು ಆ ಪಾಲನ್ನು ಬಹಿರಂಗವಾಗಿ ಹೆಚ್ಚಿಸಲಿಲ್ಲ. ಅದರ ಬದಲು ಮನೆಗೆ, ಹುಲ್ಲಿಗೆ, ಮಗ್ಗಕ್ಕೆ, ಕುರಿಗೆ, ಕಡೆಗೆ ಮದುವೆಗೆ ಸಹ ಬಿಡಿಬಿಡಿಯಾಗಿ ತೆರಿಗೆಗಳನ್ನು ಹೇರಿದರು. ಮಾತಿಗೆ ಷಡ್ಭಾಗವೇ ಉಳಿಯಿತು. ರೈತನ ಕಣಜದಲ್ಲಿ ಮಾತ್ರ ಏನೂ ಉಳಿಯಲಿಲ್ಲ. ಆಗ ರೈತರು ಏನು ಮಾಡಿದರೆಂಬುದನ್ನು ವಿಲ್ಕ್ಸನು ವರ್ಣಿಸಿದ್ದಾನೆ. ಊರ ಬಾಗಿಲಿನ ಮರಕ್ಕೆ, ಜನರು ಕಲೆತು ಮಾತನಾಡುವ ನೆರಳಿನ ಮರಕ್ಕೆ, ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ಇನ್ನು ಈ ಊರಿನಲ್ಲಿ ಉಳುಮೆಯಿಲ್ಲವೆಂದು ಅದರ ಅರ್ಥ. ಖಡ್ಗವನ್ನು ಎತ್ತುವುದಕ್ಕಿಂತ ಮೊದಲು ನೇಗಿಲನ್ನು ಇಳಿಸಿದ ಆ ಪ್ರತಿಭಟನೆಗಿಂತ ಮೌನವಾದ, ಆದರೂ ಘೋರವಾದ ಮಾತು ಮತ್ತೊಂದಿದೆಯೆ?

ಇಲ್ಲಿ ನಾವು ಒಂದು ನೋವಿನ ಅಧ್ಯಾಯವನ್ನು ಮುಟ್ಟಬೇಕಾಗಿದೆ. ರೈತರ ಈ ಬಂಡಾಯಕ್ಕೆ ಜಂಗಮರೇ ಪ್ರೇರಕರೆಂದು ಅರಮನೆ ಭಾವಿಸಿತು. ಆಗ ಅರಸರು ಜಂಗಮರನ್ನು ನಂಜನಗೂಡಿಗೆ ಆಹ್ವಾನಿಸಿ, ಬಂದವರಲ್ಲಿ ಸುಮಾರು 400 ಮಂದಿಯನ್ನು ಒಬ್ಬೊಬ್ಬರಾಗಿ ಒಳಗೆ ಕರೆಸಿ ಕೊಲ್ಲಿಸಿದರೆಂದೂ, ರಾಜ್ಯದಲ್ಲಿ 700ಕ್ಕೂ ಮಿಕ್ಕ ಮಠಗಳನ್ನು ನೆಲಸಮ ಮಾಡಿಸಿದರೆಂದೂ ವಿಲ್ಕ್ಸನು ಬರೆದಿದ್ದಾನೆ. ಆತನ ಗ್ರಂಥದ ಮೊದಲ ಸಂಪುಟವು ಹೊರಬಂದುದು 1810ರಲ್ಲಿ. ಘಟನೆ ನಡೆದು ನೂರಿಪ್ಪತ್ತು ವರ್ಷಗಳಿಗೂ ಮೇಲೆ. ಆದುದರಿಂದ ಮುಂದಿನ ಇತಿಹಾಸಕಾರರಲ್ಲಿ ಕೆಲವರು ಈ ವರ್ಣನೆಯನ್ನು ಹಾಗೆಯೇ ಒಪ್ಪಿಕೊಂಡಿಲ್ಲ. ಸಂಖ್ಯೆಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯವೆಂಬುದನ್ನು ನಾವೂ ಒಪ್ಪೋಣ. ಆದರೆ ಒಂದು ಸಮಾಜದ ನೆನಪಿನಲ್ಲಿ ಇಷ್ಟು ದೀರ್ಘಕಾಲ ಉಳಿದ ಗಾಯವು ಬರಿಯ ಕಲ್ಪನೆಯಾಗಿರಲಾರದೆಂಬುದನ್ನೂ ಮರೆಯಲಾಗದು. ಹಂಗಳದ ಒಡನಾಡಿ ವಿಶಾಲಾಕ್ಷ ಪಂಡಿತನು ಕೊಟ್ಟ ಮಾತಿನಂತೆ ಮಂತ್ರಿಯಾಗಿದ್ದನು. ಆತನೂ 1686ರ ಸುಮಾರಿನಲ್ಲಿ ಕೊಲೆಗೀಡಾದನು. ರಕ್ತಕ್ಕೆ ರಕ್ತವೆಂಬಂತಾಯಿತು.

ಈ ಅಧ್ಯಾಯವನ್ನು ಇಲ್ಲಿ ತೆರೆದುದು ಹಳೆಯ ಹಗೆಯನ್ನು ಕೆದಕುವುದಕ್ಕಲ್ಲ. ಇದನ್ನು ಶೈವ–ವೈಷ್ಣವರ ಜಗಳವೆಂದೋ, ಜೈನ–ವೀರಶೈವರ ಜಗಳವೆಂದೋ ಹೇಳಿ ಮುಗಿಸುವುದು ಸುಲಭ. ಆದರೆ ಮೊದಲು ಮರಕ್ಕೆ ತೂಗಿದುದು ಯಾವ ಮತದ ಲಾಂಛನವೂ ಅಲ್ಲ, ಒಂದು ನೇಗಿಲು. ಆ ನೇಗಿಲು ಎಲ್ಲ ಜಾತಿಯ ಒಕ್ಕಲಿನದು. ಮತದ ಕಲಹಕ್ಕಿಂತ ಮೊದಲು ಅಲ್ಲಿದ್ದುದು ಚೀಲದ ಹಸಿವು. ದಿನಕ್ಕೆರಡು ಚೀಲವೆಂಬ ನಿಯಮವು ಅರಮನೆಯಲ್ಲಿ ವ್ರತವಾಗಿ ಕಂಡಿರಬಹುದು. ಹಳ್ಳಿಯಲ್ಲಿ ಅದೇ ಉಪವಾಸವಾಗಿ ಕಂಡಿತು.

ಇಷ್ಟು ಕಷ್ಟದಿಂದ ಕೂಡಿಟ್ಟ ಹಣ ಎಲ್ಲಿಗೆ ಹೋಯಿತು? 1704ರಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ಅವರ ಮಗ ಕಂಠೀರವ ನರಸರಾಜರು ಹುಟ್ಟು ಮೂಗರು. ಜನರು ಅವರನ್ನು ಮೂಕರಸರೆಂದು ಕರೆದರು. ಕ್ರಮೇಣ ಅಧಿಕಾರವು ದಳವಾಯಿಗಳ ಪಾಲಾಯಿತು. ತಿರುಚಿರಾಪಳ್ಳಿಯ ಆಸೆಗೆ ನಂಜರಾಜಯ್ಯನು ನಡೆಸಿದ ದಂಡಯಾತ್ರೆಯು ಭಂಡಾರವನ್ನು ಬರಿದು ಮಾಡಿತು. 1755ರಲ್ಲಿ ನಿಜಾಮ ಸಲಾಬತ್‌ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತಾಗ, ಕಪ್ಪವಾಗಿ 56 ಲಕ್ಷ ರೂಪಾಯಿ ಕೊಡಬೇಕಾಯಿತು. ನವಕೋಟಿ ನಾರಾಯಣನ ಭಂಡಾರದಲ್ಲಿ ಆಗ ಅಷ್ಟು ಹಣವಿರಲಿಲ್ಲ. ದೇವಾಲಯಗಳ ಪಾತ್ರೆ ಪದಾರ್ಥಗಳನ್ನೂ ಒಡವೆಗಳನ್ನೂ ತೆಗೆದು ಸೇರಿಸಿದರೂ ಕೇಳಿದ ಮೊತ್ತದ ಮೂರನೆಯ ಒಂದು ಪಾಲು ಮಾತ್ರ ಕೂಡಿತೆಂದು ಇತಿಹಾಸ ಹೇಳುತ್ತದೆ. ನಿತ್ಯವ್ರತದಿಂದ ಕೂಡಿಟ್ಟ ರಾಶಿಯು ಐವತ್ತೊಂದು ವರ್ಷಗಳಲ್ಲಿ ಕರಗಿಹೋಯಿತು! ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವೂ ಕಾಲಕ್ರಮದಲ್ಲಿ ಶಿಥಿಲಗೊಂಡಿತು. ನಾಲೆಯ ನೀರು ಮಾತ್ರ ಇನ್ನೂ ಹರಿಯುತ್ತಿದೆ. ಭಂಡಾರಕ್ಕೆ ಹೋದುದು ಉಳಿಯಲಿಲ್ಲ. ಹೊಲಕ್ಕೆ ಹೋದುದು ಉಳಿಯಿತು.

ಇದು ಕೂಡಿಟ್ಟವರ ಕಥೆಯಾಯಿತು. ಈಗ ಕೊಟ್ಟವರ ಕಥೆಯನ್ನು ನೋಡೋಣ. ಅದಕ್ಕಾಗಿ ನಾವು ಅರಿಕುಠಾರಕ್ಕೆ ಮರಳಬೇಕು.

ಕಠಾರಿಯನ್ನು ಹಿಡಿದ ಮಗುವಿನ ಮಗನೇ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಐದು ವರ್ಷದ ಈ ಬಾಲಕನನ್ನು ಜೂನ್ 30ರಂದು ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಇಂಗ್ಲಿಷರಿಗೆ ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಸಲ್ಲಬೇಕೆಂದು ಕರಾರಾಯಿತು. ದಿವಾನ್ ಪೂರ್ಣಯ್ಯನವರು ಆ ಪೊಗದಿಯನ್ನು ತಪ್ಪದೆ ಸಲ್ಲಿಸಿಯೂ ಭಂಡಾರವನ್ನು ತುಂಬಿದರು. ಯಳಂದೂರು ಅವರಿಗೆ ಜಹಗೀರಾಗಿ ದೊರೆತುದು 1807ರಲ್ಲಿ. 1811ರಲ್ಲಿ ಅವರು ಅಧಿಕಾರವನ್ನು ಬಿಟ್ಟಾಗ ಭಂಡಾರದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವಿತ್ತೆಂದು ಬ್ರಿಟಿಷ್ ಕಾಲದ ಬರಹಗಾರರು ಹೇಳುತ್ತಾರೆ. ಬಡಮನೆಯಲ್ಲಿ ಬೆಳೆದ ಮಗುವು ಹದಿನೇಳು ವರ್ಷದ ತರುಣನಾಗಿ, ಕೇಳುವವರಿಲ್ಲದ ಎರಡು ಕೋಟಿಯ ಒಡೆಯನಾಗಿ ನಿಂತಿತು. ಇನ್ನೇನು ಬೇಕು? ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಎಲ್ಲಿ ಸಿಕ್ಕೀತು?

ಮುಮ್ಮಡಿಯವರ ಕೈ ಚಿಕ್ಕದೇವರಾಜರ ಕೈಯಲ್ಲ. ಅದು ಮುಚ್ಚಲು ಅರಿಯದ ಕೈ. ಪಂಡಿತರು, ಸಂಗೀತಗಾರರು, ದೇವಾಲಯಗಳು, ಮಠಗಳು, ಬಂಧುಗಳು, ಆಶ್ರಿತರು, ಬೇಡಿ ಬಂದವರು, ಬೇಡದೆ ಹೊಗಳಿದವರು, ಎಲ್ಲರಿಗೂ ಆ ಕೈ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಪೂರ್ಣಯ್ಯನವರ ಗಳಿಕೆ ಕರಗಿತು. ಆದರೂ ಕೊಡುವುದು ನಿಲ್ಲಲಿಲ್ಲ. 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. 1826ರಲ್ಲಿ ತಂದೆಯ ಹೆಸರಿನಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಕೆಂಪನಂಜಾಂಬೆಯನ್ನು ಪ್ರತಿಷ್ಠಾಪಿಸಿದರು. ತಂದೆ ಹುಟ್ಟಿದ ಸ್ಥಳದಲ್ಲಿ ಜನನ ಮಂಟಪವನ್ನು ನಿಲ್ಲಿಸಿದರು. 1827ರಲ್ಲಿ ಚಾಮುಂಡಿಬೆಟ್ಟದ ಗೋಪುರವೆದ್ದಿತು.

ವಾಚಕರು ಇಲ್ಲೊಂದು ವಿಚಿತ್ರವನ್ನು ಗಮನಿಸಿರಬಹುದು. ಕೂಡಿಟ್ಟ ಅರಸನೂ ಕೊಟ್ಟ ಅರಸನೂ ಈ ಸೀಮೆಯಲ್ಲಿ ಮಾಡಿದುದು ಒಂದೇ ಕೆಲಸ. ಗುಂಡ್ಲುಪೇಟೆಯಲ್ಲಿ ಒಬ್ಬ ಮಗನು ತನ್ನ ತಂದೆಗಾಗಿ ಗುಡಿ ಕಟ್ಟಿದನು. ಒಂದೂವರೆ ಶತಮಾನದ ಅನಂತರ ಚಾಮರಾಜನಗರದಲ್ಲಿ ಇನ್ನೊಬ್ಬ ಮಗನು ತನ್ನ ತಂದೆಗಾಗಿ ಗುಡಿ ಕಟ್ಟಿದನು. ಇಬ್ಬರ ತಂದೆಯರೂ ಮಕ್ಕಳ ಸಿರಿಯನ್ನು ಕಾಣದೆ ಹೋದವರು. ಅಪಾರ ಧನ ಕೈಸೇರಿದಾಗ ಮನುಷ್ಯನು ಮೊದಲು ಕೊಳ್ಳಬಯಸುವುದು ಕಳೆದುಹೋದ ಕಾಲವನ್ನು! ಆದರೆ ಯಾವ ಭಂಡಾರವೂ ಅದನ್ನು ಕೊಡಲಾರದು. ಆದುದರಿಂದಲೇ ಅವನು ಕಲ್ಲನ್ನು ಕೊಳ್ಳುತ್ತಾನೆ.

ಕೊಟ್ಟವರೆಂದ ಮಾತ್ರಕ್ಕೆ ಮುಮ್ಮಡಿಯವರ ಕಾಲದಲ್ಲಿ ರೈತನು ಸುಖಿಯಾಗಿದ್ದನೆ? ಇಲ್ಲ. ವೆಚ್ಚ ಏರಿದಂತೆ ಕಂದಾಯವೂ ಏರಬೇಕಾಯಿತು. ಶರತ್ತು ಪದ್ಧತಿಯಲ್ಲಿ, ಇಂತಿಷ್ಟು ಹಣ ತಂದುಕೊಡುತ್ತೇನೆಂದು ಒಪ್ಪಿಕೊಂಡ ಅಮಲ್ದಾರರು ಆ ಹಣವನ್ನು ಹೇಗೆ ತರುತ್ತಾರೆಂದು ಯಾರೂ ಕೇಳಲಿಲ್ಲ. 1830–31ರಲ್ಲಿ ನಗರ ಪ್ರಾಂತದ ರೈತರು ಕೂಟಗಳನ್ನು ಸೇರಿ ಬಂಡೆದ್ದರು. ದಂಗೆಯನ್ನು ಅಡಗಿಸುವ ನೆಪದಲ್ಲಿ 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಅರಸರ ದುಂದುಗಾರಿಕೆಯನ್ನು ಇಂಗ್ಲಿಷರು ಹಿಗ್ಗಿಸಿ ಹೇಳಿದುದರಲ್ಲಿ ಅವರ ಸ್ವಾರ್ಥವೂ ಇತ್ತು; ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯೂ ಅದೇ ರೈತನ ಬೆನ್ನಿನ ಮೇಲಿನ ಹೊರೆಯೇ ಆಗಿತ್ತು. ಇದನ್ನು ಹೇಳದಿದ್ದರೆ ಲೆಕ್ಕವು ಪೂರ್ಣವಾಗದು. ಆದರೂ ಫಲವೊಂದೇ: ಕೂಡಿಟ್ಟ ಅರಸನ ಕಾಲದಲ್ಲಿಯೂ ನೇಗಿಲು ನಿಂತಿತು, ಕೊಟ್ಟ ಅರಸನ ಕಾಲದಲ್ಲಿಯೂ ರೈತನು ಬಂಡೆದ್ದನು.

ಆಡಳಿತವನ್ನು ಕಳೆದುಕೊಂಡ ಮುಮ್ಮಡಿಯವರಿಗೆ ವರ್ಷಕ್ಕೆ ಒಂದು ಲಕ್ಷ ವರಹವೂ ನಿವ್ವಳ ಆದಾಯದ ಐದನೆಯ ಒಂದು ಪಾಲೂ ನಿಗದಿಯಾಯಿತು. ಮಿತಿಯಿಲ್ಲದವರಿಗೆ ಮೊದಲ ಸಲ ಮಿತಿ ಬಂದಿತು. ವಿಸ್ಮಯವೆಂದರೆ, ಇಂದಿಗೂ ನಾವು ನೆನೆಯುವ ಅವರ ಕಾರ್ಯವೊಂದು ಈ ಮಿತಿಯ ಕಾಲದ್ದೇ. 1833ರಲ್ಲಿ ಮೈಸೂರಿನಲ್ಲಿ ಅವರು ತೆರೆದ ಉಚಿತ ಇಂಗ್ಲಿಷ್ ಪಾಠಶಾಲೆಯೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು. ಅಲ್ಲಿ ಓದಿ ಹೊರಬಂದ ಬಡಮಕ್ಕಳ ಲೆಕ್ಕವನ್ನು ಯಾವ ಚೀಲದಲ್ಲಿ ತುಂಬೋಣ?

ಇಷ್ಟನ್ನು ಕೇಳಿದ ಮೇಲೆ ವಾಚಕರು ಕೇಳಬಹುದು: ಕೂಡಿಟ್ಟರೂ ತಪ್ಪು, ಕೊಟ್ಟರೂ ತಪ್ಪೆಂದಾದರೆ ಸರಿಯಾದುದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಡುಕಬಹುದು. ಈ ಉತ್ತರವನ್ನು ನಮ್ಮ ಸೀಮೆಯೂ ಬಲ್ಲದು. ಚಿಕ್ಕದೇವರಾಜರು ಬಾಳಿದ ಹದಿನೇಳನೆಯ ಶತಮಾನದಲ್ಲಿಯೇ ಯಳಂದೂರಿನಲ್ಲಿ ನೆಲೆಸಿದ್ದ ಷಡಕ್ಷರದೇವನು ಬಸವಣ್ಣನವರ ಚರಿತ್ರೆಯನ್ನು ವೃಷಭೇಂದ್ರವಿಜಯವೆಂಬ ಕಾವ್ಯವಾಗಿ ರಚಿಸಿದನು. ಒಂದು ಕಡೆ ಚೀಲಗಳು ತುಂಬುತ್ತಿದ್ದ ಶತಮಾನದಲ್ಲಿ, ಇನ್ನೊಂದು ಕಡೆ ಭಂಡಾರವನ್ನು ಕೈಯಲ್ಲಿ ಹಿಡಿದೂ ಅದಕ್ಕೆ ಅಂಟಿಕೊಳ್ಳದವನ ಕಥೆಯು ಕಾವ್ಯವಾಗುತ್ತಿತ್ತು.

ಬಸವಣ್ಣನವರು ಬಿಜ್ಜಳನ ಭಂಡಾರಿ. ಒಂದು ರಾಜ್ಯದ ಹಣವೆಲ್ಲ ಅವರ ಕೀಲಿಕೈಯಲ್ಲಿ. ರಾಜಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ದೂರು ಹೋದಾಗ ಲೆಕ್ಕವನ್ನು ತೆರೆದು ತೋರಿಸಿದರೆಂದೂ, ಒಂದು ನಾಣ್ಯವೂ ಕಡಿಮೆಯಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಕೈಮುಗಿಯುವವರು ಮುಗಿಯಲಿ. ಅದರೊಳಗಿನ ತತ್ತ್ವವು ಪವಾಡಕ್ಕಿಂತ ದೊಡ್ಡದು: ಕೈಯಲ್ಲಿರುವುದೆಲ್ಲ ನನ್ನದಲ್ಲ, ಆದುದರಿಂದ ಪ್ರತಿಯೊಂದಕ್ಕೂ ಲೆಕ್ಕ ಕೊಡಲು ನಾನು ಬದ್ಧ.

ಆದರೆ ಬಸವಣ್ಣನವರಿಗೂ ಪಾಠ ಹೇಳಿದವರು ಇದ್ದರು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದವರಾರು? ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದೇ ಆತನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಮಡದಿ ಲಕ್ಕಮ್ಮನು ಗುಡಿಸಲಿನ ಬಾಗಿಲಲ್ಲಿಯೇ ತಡೆದು, ನಮಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಏಕೆ ತಂದಿರಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದಳು. ಇತಿಹಾಸದ ಎಲ್ಲ ಭಂಡಾರಗಳ ಮುಂದೆ ಈ ಒಂದು ಹಿಡಿ ಅಕ್ಕಿಯನ್ನಿಟ್ಟು ನೋಡಿರಿ. ಎಣಿಕೆಯಿಲ್ಲದ ಹಣ ಬಂದರೆ ಏನು ಮಾಡುವೆಯೆಂದು ಲೋಕವು ಕೇಳುತ್ತದೆ. ಲಕ್ಕಮ್ಮನು ಅದಕ್ಕಿಂತ ಮೊದಲಿನ ಪ್ರಶ್ನೆಯನ್ನು ಕೇಳಿದಳು: ಸಾಕೆಂಬುದು ಎಲ್ಲಿ? ಆ ಪ್ರಶ್ನೆಯನ್ನು ಚಿಕ್ಕದೇವರಾಜರ ಭಂಡಾರದ ಬಾಗಿಲಲ್ಲಿ ಯಾರಾದರೂ ಕೇಳಿದ್ದರೆ ನೇಗಿಲು ಮರವೇರುತ್ತಿರಲಿಲ್ಲ. ಮುಮ್ಮಡಿಯವರ ದಾನಶಾಲೆಯ ಬಾಗಿಲಲ್ಲಿ ಕೇಳಿದ್ದರೆ ಶರತ್ತಿನ ಪತ್ರಗಳು ಬೇಕಾಗುತ್ತಿರಲಿಲ್ಲ.

ಮಠಗಳಿಗೂ ಈ ಪ್ರಶ್ನೆಯಿಂದ ವಿನಾಯಿತಿಯಿಲ್ಲ. ಚಾಮರಾಜನಗರದ ಸುತ್ತಿನ ಹಳ್ಳಿಗಳಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯವನ್ನು ಕೇಳಿದವರು ಬಲ್ಲರು. ಬಸವಣ್ಣನ ಕಲ್ಯಾಣಕ್ಕೆ ಕುಷ್ಠರೋಗಿಯ ವೇಷದಲ್ಲಿ ಬಂದ ಮಂಟೇಸ್ವಾಮಿಯು, ದಾಸೋಹದ ಸವಿಯೂಟಕ್ಕಾಗಿ ಲಾಂಛನ ಧರಿಸಿ ನೆರೆದಿದ್ದವರನ್ನು ಪರೀಕ್ಷಿಸಿ, ನಿಜವಾದ ಶರಣರು ಎಷ್ಟು ವಿರಳವೆಂಬುದನ್ನು ತೋರಿಸಿಕೊಡುತ್ತಾನೆ. ಮಣ್ಣಿನ ಮಕ್ಕಳ ಈ ಹಾಡು ನಮಗೆ ಕಹಿಯೆನಿಸಬಹುದು. ಆದರೆ ಅದು ಔಷಧದ ಕಹಿ. ಕಾಯಕವಿಲ್ಲದ ದಾಸೋಹವು ಸೋಮಾರಿಗಳ ಸಂತೆಯಾಗುತ್ತದೆ. ದಾಸೋಹವಿಲ್ಲದ ಕಾಯಕವು ಬರಿಯ ಗಳಿಕೆಯಾಗುತ್ತದೆ. ಭಕ್ತನು ಹುಂಡಿಗೆ ಹಾಕಿದ ಹಣವೂ ಯಾರೋ ಒಬ್ಬರ ಬೆವರಿನದೇ. ಅದು ಹಸಿದ ವಿದ್ಯಾರ್ಥಿಯ ತಟ್ಟೆಗೆ ಅನ್ನವಾಗಿ ಮರಳಿದಾಗ ಮಾತ್ರ ಮಠದ ಲೆಕ್ಕವು ಬಸವಣ್ಣನ ಲೆಕ್ಕದಂತೆ ಸರಿಹೊಂದುತ್ತದೆ.

ಪ್ರತಿ ವರ್ಷ ಆಷಾಢದಲ್ಲಿ ಚಾಮರಾಜೇಶ್ವರನ ತೇರು ಹರಿಯುವಾಗ ನವದಂಪತಿಗಳು ಸುತ್ತಣ ಊರುಗಳಿಂದ ಬಂದು ನೆರೆಯುತ್ತಾರೆ. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ಕೆಲವು ವರ್ಷ ಉತ್ಸವವು ನಿಂತಿತ್ತು. 2022ರಲ್ಲಿ ಹೊಸ ರಥವು ಮತ್ತೆ ಬೀದಿಗಿಳಿಯಿತು. ಗುಡಿಯನ್ನು ಕಟ್ಟಿಸಿದುದು ಅರಸನ ಹಣ. ಅದನ್ನು ಇಂದಿಗೂ ಜೀವಂತವಾಗಿಟ್ಟಿರುವುದು ಜನರ ಕಾಲ್ನಡಿಗೆ. ಆ ಜಾತ್ರೆಯಲ್ಲಿ ಕೈಹಿಡಿದು ನಿಂತ ಹೊಸ ಜೋಡಿಗಳಿಗೆ ಹಿರಿಯರು ಕೋಟಿಯನ್ನು ಹಾರೈಸುವುದು ವಾಡಿಕೆ. ಹಾರೈಸಲಿ, ಬೇಡವೆನ್ನುವವರಾರು? ಅದರ ಜೊತೆಗೆ ಹಂಗಳದ ಬಾಲಕನ ಕಥೆಯನ್ನೂ, ಊರ ಬಾಗಿಲಿನ ತಲೆಕೆಳಗಾದ ನೇಗಿಲನ್ನೂ, ಗುಡಿಸಲಿನ ಬಾಗಿಲಲ್ಲಿ ನಿಂತ ಲಕ್ಕಮ್ಮನನ್ನೂ ಹೇಳಿಕೊಡಲಿ.

ವಾಚಕ ಮಹಾಶಯರೆ, ನಾಳೆ ನಿಮ್ಮ ಕೈಗೆ ಎಣಿಕೆಯಿಲ್ಲದ ಹಣ ಬಂದರೆ ಏನು ಮಾಡುವಿರೆಂದು ನಾವು ಕೇಳುವುದಿಲ್ಲ. ಇಂದು ಸಂಜೆ ಮನೆಗೆ ತಂದ ಅಕ್ಕಿಯಲ್ಲಿ ನಿಮಗೆ ಬೇಕಾದುದೆಷ್ಟು, ಹೆಚ್ಚಾದುದೆಷ್ಟು, ಅದು ಯಾರ ಅಂಗಳದ್ದು, ಇಷ್ಟನ್ನು ಮಾತ್ರ ಕೇಳಿಕೊಳ್ಳಿರಿ. ನವಕೋಟಿಯ ಪ್ರಶ್ನೆಗೂ ಉತ್ತರವು ಅಲ್ಲಿಯೇ ಇದೆ.